ಮೂರನೇ ಹಾಡಿಗೆ ಓಗೊಟ್ಟವಳು

ಅವಳಿಗೊಂದು ಹೆಸರು ಇದ್ದೇ ಇತ್ತು. ಆದರೆ ಪಿಂಚಣಿ ಕೊಡುವವರನ್ನು ಬಿಟ್ಟರೆ ಯಾರಿಗೂ ಅದರ ಅಗತ್ಯ ಬೀಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಹಲೋ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಾಗ ಎರಡು ಜಡೆ ಹಾಕಿಕೊಂಡಿದ್ದವಳಿಗೆ, ಹೊರಗೆ ಬರುವ ಹೊತ್ತಿಗೆ ಒಂದು ಜಡೆಗೂ ಕೂದಲು ಸಾಲುತ್ತಿರಲಿಲ್ಲ. ನಡುವಿನ ಆಯಸ್ಸೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರ ತಂತಿಗೆ ಜೋಡಿಸುವುದರಲ್ಲೇ ಕಳೆಯಿತು. ಮನೆಯ ಬಾಗಿಲು ತಟ್ಟಿದರೂ ಒಳಗಿಂದ ಬರುತ್ತಿದ್ದುದು ಅದೇ ಡ್ಯೂಟಿ ಮಾತು: "ಇದ್ದೀನಿ, ಹೇಳಿ." ಪಕ್ಕದ ಮನೆಯ ಕುಕ್ಕರ್ ಕೂಗಿದರೂ ಹಲೋ ಅಕ್ಕ ಓಗೊಡ್ತಾಳೆ ಅಂತ ಓಣಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳ ದನಿಯೂ ಹಾಗೇ ಇತ್ತು, ಸ್ವಲ್ಪ ಮೂಗಿನಿಂದ, ಎದುರಿಗೇ ಕೂತಿದ್ದರೂ ಬಹಳ ದೂರದಿಂದ ಮಾತಾಡುತ್ತಿರುವವಳ ಹಾಗೆ.

ಎಕ್ಸ್‌ಚೇಂಜಿನಲ್ಲಿ ಉಳಿದ ಹುಡುಗಿಯರು ಬೋರ್ಡಿನ ಮೇಲೆ ಕರೆಯ ದೀಪ ಮಿನುಗುತ್ತಿದ್ದರೂ ಮಾತು ಮುಗಿಸಿಯೇ ಕೈ ಹಾಕುವವರು. ಇವಳು ಬಾಯಲ್ಲಿ ತುತ್ತಿದ್ದರೂ ಓಡುತ್ತಿದ್ದಳು. ಕರೆದವರಿಗೆ "ಲೈನ್ ಬಿಜಿ ಇದೆ" ಅಂತ ಹೇಳಬೇಕಾಗಿ ಬಂದರೆ ಆ ದಿನವೆಲ್ಲ ಅವಳ ಮುಖ ಸಪ್ಪಗಿರುತ್ತಿತ್ತು. "ಅವರನ್ನೆಲ್ಲ ನೀನೇ ಹೆತ್ತಿದೀಯೇನೇ?" ಅಂತ ಮೇಲ್ವಿಚಾರಕಿ ಗದರುತ್ತಿದ್ದಳು. ಹೆತ್ತಿರಲಿಲ್ಲ. ಮದುವೆಯ ಮಾತು ಒಂದೆರಡು ಸಲ ಬಂತು, ಹೋಯಿತು. ಕೆಲಸವೇ ಗಂಡ, ಕೆಲಸವೇ ಮಕ್ಕಳು ಅಂತ ಅಮ್ಮ ಸಾಯುವ ತನಕ ಗೊಣಗುತ್ತಿದ್ದಳು.

ಇಂಥವಳು ಭಾನುವಾರ ಮಧ್ಯಾಹ್ನ ರೇಡಿಯೊ ರಿಪೇರಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಾಕ್ ಸಂಗೀತದ ಹುಚ್ಚರ ಜೊತೆ ಕೂರುತ್ತಾಳೆ ಅಂದರೆ ಯಾರಾದರೂ ಮೂಗಿನ ಮೇಲೆ ಬೆರಳಿಡಬೇಕಾದದ್ದೇ. ಹುಚ್ಚರೇನು ದೊಡ್ಡ ದಂಡಲ್ಲ. ಅಂಗಡಿಯವನು, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಗಣಿತದ ಮೇಷ್ಟ್ರು. ಮೂವರ ದೇವರೂ ಒಬ್ಬನೇ: ಪಿಯಾನೊ ಮುಂದೆ ನಿಂತುಕೊಂಡೇ ನುಡಿಸಿ, ಕೂಗಿ ಹಾಡಿ, ಕ್ರೀಡಾಂಗಣಗಳನ್ನು ತುಂಬಿಸಿದ ಆ ಮುದುಕ. ಇವರು ಅವನನ್ನು ಕರೆಯುವುದು 'ಯಜಮಾನ' ಅಂತ. ದೇವರು ಒಬ್ಬನಾದರೇನು, ಪೂಜಾರಿಗಳಿಗೆ ಒಮ್ಮತ ಇರಬೇಕಲ್ಲ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು.

"ಮೊದಲನೇ ರೆಕಾರ್ಡ್ ಆದ್ಮೇಲೆ ಅವನು ಸತ್ತ ಹಾಗೇ," ಅನ್ನುವರು ಡಾಕ್ಟರು. "ಆ ಹಾಡುಗಳಲ್ಲಿ ಹಸಿವಿತ್ತು ಕಣ್ರೀ. ಈಗಿನದ್ರಲ್ಲಿ ಬರೀ ಹೊಟ್ಟೆ."

"ಬಾಡಿಗೆ ಕೋಣೇಲಿ ನುಡಿಸಿದ್ದು, ಶ್ರುತಿ ಬಿಟ್ಟ ಪಿಯಾನೊ. ಅದನ್ನೇ ದೊಡ್ಡ ಸಾಧನೆ ಅಂತೀರಲ್ಲ," ಅನ್ನುವರು ಮೇಷ್ಟ್ರು. "ನಲವತ್ತು ಸಾವಿರ ಜನರನ್ನ ಒಂದೇ ಕೈಯಲ್ಲಿ ಎದ್ದು ನಿಲ್ಲಿಸ್ತಾನಲ್ಲ, ಅದು ಸಾಧನೆ."

ಆದರೆ ವಾದ ಎಲ್ಲಿ ಶುರುವಾದರೂ ಬಂದು ನಿಲ್ಲುತ್ತಿದ್ದುದು ಮೊದಲ ರೆಕಾರ್ಡಿನ ಮೂರನೇ ಹಾಡಿನ ಮೇಲೆ. ಅದರಲ್ಲಿ ಮೂರು ಒಗಟುಗಳಿದ್ದವು. ಹಾಡು ಕೊನೆಯ ಸ್ವರಕ್ಕೆ ಮುಂಚೆ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ, ಯಾಕೆ? ಅಷ್ಟು ಚೆಂದದ ಹಾಡನ್ನು ಯಜಮಾನ ಮತ್ತೆ ಯಾವ ವೇದಿಕೆಯಲ್ಲೂ ನುಡಿಸಿಲ್ಲ, ಯಾಕೆ? ಮತ್ತೆ, ನಿಲ್ಲುವ ಸ್ವಲ್ಪ ಮುಂಚೆ, ಪಿಯಾನೊದ ಹಿಂದೆ ಎಲ್ಲೋ ದೂರದಲ್ಲಿ ಕೇಳುವ ಆ ಎಳೆಯ ದನಿ ಯಾರದು? ಬೆಕ್ಕು ಅಂತ ಡಾಕ್ಟರು. ಯಜಮಾನನ ಕಾಲಡಿಯ ಹಲಗೆ ಕಿರುಗುಟ್ಟಿದ್ದು ಅಂತ ಮೇಷ್ಟ್ರು. ದೆವ್ವ ಅಂತ ಅಂಗಡಿಯವನು. "ಗೋಡೆಯೊಳಗಿನ ಮಗು" ಅಂತ ಅದಕ್ಕೊಂದು ಹೆಸರನ್ನೂ ಇಟ್ಟಿದ್ದ. ಅದನ್ನು ಒಬ್ಬರೇ ಕೂತು ಕೇಳಬಾರದು ಅಂತ ಹೊಸಬರನ್ನು ಹೆದರಿಸುವುದು ಅವನಿಗೆ ಖುಷಿ.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆ ದನಿ ಹಲೋ ಅಕ್ಕನ ತಮ್ಮನದು.

ಅವಳಿಗೆ ಹತ್ತು, ಅವನಿಗೆ ಆರು ವರ್ಷ. ಮೂರು ಮಹಡಿಯ ಹಳೇ ಕಟ್ಟಡದ ಮೇಲಿನ ಕೋಣೆಯಲ್ಲಿ ಇವರು, ಕೆಳಗೆ ಪಿಯಾನೊ ಇಟ್ಟುಕೊಂಡ, ಬಾಡಿಗೆಗೆ ಪರದಾಡುವ ಒಬ್ಬ ಹುಡುಗ. ಮೆಟ್ಟಿಲಿನ ತಿರುವಿನಲ್ಲಿ ಕಟಕಟೆ ಮುರಿದು ಬಿದ್ದಿತ್ತು. ಮಾಲೀಕ ನಾಳೆ ನಾಳೆ ಅನ್ನುತ್ತಿದ್ದ. ಆ ದಿನ ತಮ್ಮನಿಗೆ ಜ್ವರ. ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಅಮ್ಮ ಗಂಟು ಹೊರುವುದಕ್ಕೆ ಮಗಳನ್ನು ಕರೆದುಕೊಂಡು ಹೋದಳು. ಹೋಗುವಾಗ ಮಗನಿಗೆ ಹೇಳಿದ್ದಳು: "ಅಕ್ಕ ಬಂದು ಕರೆಯೋವರೆಗೂ ಹೊಸ್ತಿಲು ದಾಟಬೇಡ." ಅವನು ಹೇಳಿದ ಮಾತು ಮೀರುವ ಹುಡುಗನಲ್ಲ. ಹೊಸ್ತಿಲಲ್ಲೇ ನಿಂತು "ಅಕ್ಕಾ" ಅಂತ ಕೂಗಿದ್ದಾನೆ. ಸೆಕೆಗೆ ಬಾಗಿಲು ತೆರೆದಿಟ್ಟುಕೊಂಡು ಹಾಡು ಮುದ್ರಿಸುತ್ತಿದ್ದ ಕೆಳಗಿನ ಹುಡುಗನ ಯಂತ್ರ ಆ ಕೂಗನ್ನೂ ನುಂಗಿದೆ. ಆಮೇಲೆ ಹುಡುಗ ಹೊಸ್ತಿಲು ದಾಟಿದ್ದಾನೆ, ಕಟಕಟೆ ಇಲ್ಲದ ತಿರುವಿನಿಂದ ಬಿದ್ದಿದ್ದಾನೆ. ಸದ್ದು ಕೇಳಿ ಪಿಯಾನೊದವನು ನುಡಿಸುವುದನ್ನು ಬಿಟ್ಟು ಓಡಿದ. ಒಗಟು ಅಂದರೆ ಇಷ್ಟೇ.

"ಯಾಕೆ ದಾಟಿದ? ಅವನು ದಾಟೋ ಮಗುವಲ್ಲ," ಅಂತ ಅಮ್ಮ ಅನ್ನದ ಮುಂದೆ, ಇಸ್ತ್ರಿಯ ಮುಂದೆ, ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳುತ್ತಲೇ ಹೋದಳು. ಮಗಳ ಸಂಕಟ ಬೇರೆ. ಅವನು ಕೂಗಿದಾಗ ಯಾರೂ ಓಗೊಡಲಿಲ್ಲ. ಅಷ್ಟು ಪುಟ್ಟ ಮಗು ಖಾಲಿ ಮನೆಯಲ್ಲಿ ಕೂಗಿ ಕೂಗಿ, ಉತ್ತರ ಬರದೆ ಹೋಯಿತು. ಅದೊಂದನ್ನು ಅವಳು ನುಂಗಲೂ ಆರದೆ ಉಗುಳಲೂ ಆರದೆ ಇಟ್ಟುಕೊಂಡಿದ್ದಳು.

ವರ್ಷಗಳ ಮೇಲೆ ರೆಕಾರ್ಡ್ ಬಂತು, ಅವಳೂ ಕೊಂಡಳು. ಮನೆಯಲ್ಲಿ ಒಬ್ಬಳೇ ಹಾಕಿದಾಗ ಆ ದನಿ ಪೆಟ್ಟಿಗೆಯಿಂದ ಬಂದ ಹಾಗೆ ಅನ್ನಿಸದೆ, ಒಳಕೋಣೆಯಿಂದ ಬಂದ ಹಾಗೆ ಅನ್ನಿಸಿತು. ಎದ್ದು ಹೋಗಿ ನೋಡಿದಳು. ಆಮೇಲೆ ಮನೆಯಲ್ಲಿ ಅದನ್ನು ಹಾಕುವ ಧೈರ್ಯ ಬರಲಿಲ್ಲ. ಈ ಮೂವರ ಗಲಾಟೆಯ ನಡುವೆ ಕೂತರೆ ಕೇಳಬಹುದಾಗಿತ್ತು. ನಿಜ ಹೇಳಿದರೆ ಪಾಪ, ಮರ್ಯಾದಸ್ಥರು, ಇನ್ನು ಮೇಲೆ ಅದನ್ನು ಹಾಕುವುದೇ ಇಲ್ಲ ಅಂದುಬಿಡುತ್ತಾರೆ ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅವರು ಜಗಳವಾಡಿದಷ್ಟೂ ಒಳ್ಳೆಯದು, ಪುನಃ ಪುನಃ ಹಾಕುತ್ತಾರೆ. ಪ್ರತಿ ಸಲವೂ ಆ ಕೂಗು ಬಂದೊಡನೆ ಅವಳು ಕರ್ಚೀಫು ಬಾಯಿಗೆ ಅಡ್ಡ ಹಿಡಿದು, ಯಾರಿಗೂ ಕೇಳದ ಹಾಗೆ ಓಗೊಡುತ್ತಿದ್ದಳು: "ಇದ್ದೀನಿ ಕಣೋ, ಬಾ." ತಡವಾದರೂ ಒಂದು ಉತ್ತರ. ಅಷ್ಟಾದರೆ ಆ ವಾರ ನಿದ್ದೆ ಬರುತ್ತಿತ್ತು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಒಂದು ಭಾನುವಾರ ಅಂಗಡಿಯವನು ಹಲ್ಲು ಕಿರಿಯುತ್ತಾ ಹೊಸ ಡಿಸ್ಕೊಂದನ್ನು ತಂದ. "ಹಳೇದರಲ್ಲಿ ಕಂಪನಿಯವರು ಗದ್ದಲ ಎಲ್ಲ ಒರೆಸಿಬಿಟ್ಟಿದ್ರಂತೆ. ಇದು ಆವತ್ತಿನ ಟೇಪು, ಹೇಗಿತ್ತೋ ಹಾಗೇ. ಇವತ್ತು ಬೆಕ್ಕೋ ದೆವ್ವವೋ ಗೊತ್ತಾಗ್ಲೇಬೇಕು."

ಹಾಡು ಶುರುವಾಯಿತು. ಹೊರಗೆ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಮೇಷ್ಟ್ರು ಬಿಸ್ಕತ್ತು ಕಚ್ಚುತ್ತಿದ್ದರು. "ಅಕ್ಕಾ" ಅನ್ನುವ ಕೂಗು ಈ ಸಲ ಕೋಣೆಯೊಳಗೇ ನಿಂತು ಕೂಗಿದಷ್ಟು ಸ್ಪಷ್ಟವಾಗಿ ಬಂತು. ಅಭ್ಯಾಸದಂತೆ ಅವಳ ತುಟಿ ಅಲ್ಲಾಡಿತು. ಅದೇ ಗಳಿಗೆಗೆ ಪೆಟ್ಟಿಗೆಯಿಂದ ಒಂದು ಹೆಂಗಸಿನ ದನಿ, ಸ್ವಲ್ಪ ಮೂಗಿನಿಂದ, ಬಹಳ ದೂರದಿಂದ: "ಇದ್ದೀನಿ ಕಣೋ, ಬಾ." ಆಮೇಲೆ ಬರಿಗಾಲಿನ ಪುಟ್ಟ ಹೆಜ್ಜೆಗಳು, ಖುಷಿಯಿಂದ ಓಡುವ ಹೆಜ್ಜೆಗಳು. ಹಾಡು ಕತ್ತರಿಸಿತು.

"ಮಗುವೇ! ನಾನು ಹೇಳಿರ್ಲಿಲ್ವಾ!" ಅಂಗಡಿಯವನು ತೊಡೆ ತಟ್ಟಿಕೊಂಡ. "ಜೊತೆಗೊಬ್ಬಳು ಹೆಂಗಸು ಬೇರೆ!"

"ತಾಯಿ ಇರಬೇಕು," ಅಂದರು ಡಾಕ್ಟರು.

"ವಯಸ್ಸಾದ ದನಿ ಕಣ್ರೀ, ಅಜ್ಜಿ," ಅಂದರು ಮೇಷ್ಟ್ರು. ಆಮೇಲೆ ಅವಳ ಕಡೆ ತಿರುಗಿ, "ನಗಬೇಡಿ, ಥೇಟ್ ನಮ್ಮ ಹಲೋ ಅಕ್ಕನ ದನಿ ಇದ್ದ ಹಾಗಿದೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗಲೇಬೇಕಲ್ಲ. ಟೇಪು ತಿರುಗಿದಾಗ ಅವಳು ಹತ್ತು ವರ್ಷದವಳು, ಆ ಹೊತ್ತಿಗೆ ಲಾಂಡ್ರಿಯಲ್ಲಿ ಗಂಟು ಹೊರುತ್ತಿದ್ದವಳು. ಈ ಮುದಿ ದನಿ ಆಗ ಹುಟ್ಟಿಯೇ ಇರಲಿಲ್ಲ. ಈ ಕೋಣೆಯಲ್ಲಿ, ಈ ಕರ್ಚೀಫಿನ ಹಿಂದೆ ಕೂತು ವಾರವಾರವೂ ಪಿಸುಗುಟ್ಟಿದ್ದು ಅವನಿಗೆ ಮುಟ್ಟಿಬಿಟ್ಟಿತ್ತು. ಅವನು ಒಂಟಿಯಾಗಿರಲಿಲ್ಲ ಅನ್ನುವ ಸಂತೋಷ ಒಂದು ಉಸಿರಿನಷ್ಟು ಹೊತ್ತೂ ಉಳಿಯಲಿಲ್ಲ. ಅಕ್ಕ ಕರೆಯುವವರೆಗೂ ಹೊಸ್ತಿಲು ದಾಟಬೇಡ ಅಂದಿದ್ದಳು ಅಮ್ಮ. ಅಕ್ಕ ಕರೆದಿದ್ದಳು. ಅದಕ್ಕೇ ದಾಟಿದ.

"ಇನ್ನೊಂದ್ಸಲ ಹಾಕಯ್ಯಾ," ಅಂದರು ಡಾಕ್ಟರು.

"ಬೇಡ," ಅಂದಳು ಅವಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಈ ಸಲ ಸತ್ತರೂ ತುಟಿ ಬಿಚ್ಚಬಾರದು ಅಂತ ಕರ್ಚೀಫನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. "ಅಕ್ಕಾ" ಅಂತ ಕೂಗು ಬಂತು. ಅವಳು ಸುಮ್ಮನಿದ್ದಳು. ಪೆಟ್ಟಿಗೆಯೂ ಸುಮ್ಮನಿತ್ತು, ಹೆಂಗಸಿನ ದನಿ ಬರಲೇ ಇಲ್ಲ. ಮೇಷ್ಟ್ರ ಕೈಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು. ಹಾಡು ಕತ್ತರಿಸಬೇಕಾದ ಜಾಗ ಬಂತು, ದಾಟಿತು, ಪಿಯಾನೊ ಮುಂದುವರಿಯಿತು. ಯಾವ ಅಭಿಮಾನಿಯೂ ಕೇಳದ ಸ್ವರಗಳು ಒಂದೊಂದಾಗಿ ಬರತೊಡಗಿದವು.

"ಇದು ಇರಲಿಲ್ಲ," ಅಂದ ಅಂಗಡಿಯವನು. ಅವನ ಮುಖದಲ್ಲಿ ನಗು ಇರಲಿಲ್ಲ. "ಈಗ ತಾನೇ ಇರಲಿಲ್ಲ."

"ಅಕ್ಕಾ," ಮತ್ತೊಂದು ಕೂಗು. ಪಿಯಾನೊ ನಡೆಯುತ್ತಿತ್ತು. "ಅಕ್ಕಾ, ಇದೀಯಾ?" ಈಗ ದನಿಯಲ್ಲಿ ಅಳು ಸೇರಿತ್ತು. ಅವಳಿಗೆ ಗೊತ್ತಾಯಿತು: ಹೀಗೇ ಬಾಯಿ ಮುಚ್ಚಿಕೊಂಡಿದ್ದರೆ ಅವನು ಹೊಸ್ತಿಲಲ್ಲೇ ಉಳಿಯುತ್ತಾನೆ. ಉಳಿಯುತ್ತಾನೆ, ಆದರೆ ಕೂಗುತ್ತಲೇ ಉಳಿಯುತ್ತಾನೆ. ಆಯಸ್ಸಿನಲ್ಲಿ ಒಂದು ಕರೆಯನ್ನೂ ಹಾಗೆ ಬಿಟ್ಟವಳಲ್ಲ ಅವಳು. ಕರ್ಚೀಫು ತೆಗೆದಳು.

"ಅಲ್ಲೇ ಇರು," ಅಂದಳು, ಪಿಸುಮಾತಿನಲ್ಲಲ್ಲ, ಮೂವರಿಗೂ ಕೇಳುವ ಹಾಗೆ. "ಹೊಸ್ತಿಲು ದಾಟಬೇಡ. ನಾನೇ ಬರ್ತೀನಿ."

ಎದ್ದು, ಕೈಚೀಲವನ್ನೂ ತೆಗೆದುಕೊಳ್ಳದೆ ಹೊರಟಳು. "ಅಕ್ಕ, ಎಲ್ಲಿಗೆ?" ಅಂತ ಅಂಗಡಿಯವನು ಕೇಳಿದ್ದು ಕೇಳಿಸಿತು. ಬೀದಿಯಲ್ಲಿ ಲಾರಿ ಇನ್ನೂ ಹಿಂದಕ್ಕೆ ಬರುತ್ತಲೇ ಇತ್ತು. ಅಂಗಡಿಯಿಂದ ದೂರ ಬಂದರೂ ಪಿಯಾನೊದ ದನಿ ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು. ಆ ಹಳೇ ಕಟ್ಟಡದ ಬೀದಿಯನ್ನು ಅವಳು ಹುಡುಗಿಯಾಗಿದ್ದಾಗ ಬಿಟ್ಟವಳು ಮತ್ತೆ ತುಳಿದಿರಲಿಲ್ಲ, ಬಸ್ಸು ಆ ಕಡೆಯಿಂದ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕಟ್ಟಡ ಈಗ ಹಾಸಿಗೆ ಅಂಗಡಿಯವರ ಗೋದಾಮು, ಯಾವಾಗಲೂ ಬೀಗ. ಇವತ್ತು ಬೀಗ ಇರಲಿಲ್ಲ. ಕೆಳಗಿನ ಕೋಣೆಯ ಬಾಗಿಲು ಸೆಕೆಗೆ ತೆರೆದಿತ್ತು. ಒಳಗೆ ಯಾರೋ ಬೆನ್ನು ಮಾಡಿ ನುಡಿಸುತ್ತಿದ್ದರು. ಅವಳು ನಿಂತು ನೋಡಲಿಲ್ಲ.

ಮಂಡಿ ನೋವಿನ ಕಾಲನ್ನು ಎಳೆದುಕೊಂಡು ಹತ್ತಿದಳು. ಭಯವಾಗುತ್ತಿತ್ತು. ಆದರೂ ಹತ್ತಿದಳು. ತಿರುವಿನಲ್ಲಿ ಕಟಕಟೆ ಇರಲಿಲ್ಲ. ಅಲ್ಲಿ ಗೋಡೆಗೆ ಮೈ ಒತ್ತಿಕೊಂಡು, ಕೆಳಗೆ ನೋಡದೆ ದಾಟಿದಳು. ಇಸ್ತ್ರಿಯ ಗಂಜಿಯ ವಾಸನೆ ಬಂತು. ಮೇಲಿನ ಬಾಗಿಲು ಅರ್ಧ ತೆರೆದಿತ್ತು. ಹೊಸ್ತಿಲ ಒಳಗೆ, ಒಂದು ಬೆರಳೂ ಆಚೆ ಚಾಚದೆ, ಪುಟ್ಟ ಪಾದಗಳೆರಡು ನಿಂತಿದ್ದವು.

ಅವನು ಅವಳ ಬಿಳಿ ಕೂದಲನ್ನು ನೋಡಲಿಲ್ಲ, ಸುಕ್ಕನ್ನೂ ನೋಡಲಿಲ್ಲ. ಮುಖ ಊದಿಸಿಕೊಂಡು, ಜ್ವರದಲ್ಲಿ ಸುಡುವ ಕೈಯಿಂದ ಅವಳ ಬೆರಳು ಹಿಡಿದ.

"ಎಷ್ಟು ಹೊತ್ತಿಂದ ಕೂಗ್ತಿದೀನಿ ಗೊತ್ತಾ ನಿಂಗೆ?"

ಹಲೋ ಅಕ್ಕ ಹೊಸ್ತಿಲು ದಾಟಿ ಒಳಗೆ ಹೋಗಿ, ಅವನ ಪಕ್ಕದಲ್ಲಿ ಕೂತಳು.

"ಲೈನ್ ಬಿಜಿ ಇತ್ತು ಕಣೋ," ಅಂದಳು.

ಕೆಳಗೆ ಪಿಯಾನೊದವನು ಕೊನೆಯ ಸ್ವರವನ್ನು ನುಡಿಸಿ ಹಾಡು ಮುಗಿಸಿದ.