ಕರ್ಪೂರದ ಮುಂದೆ ನಿಂತ ವಿಚಾರವಾದಿ

ಪಾಂಡವಪುರದಲ್ಲಿ ನಮ್ಮ ಮನೆಯ ಸಮೀಪ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ನಾನು ಸಂಧ್ಯಾವಂದನೆ ಮುಗಿಸಿ ಜಗಲಿಗೆ ಬರುವುದನ್ನೇ ಕಾದಿದ್ದು ನನ್ನ ಉದ್ಧಾರಕ್ಕೆ ತೊಡಗುವುದು ಅವರ ನಿತ್ಯಕರ್ಮ. ನೀತಿಯನ್ನು ದೇವರಿಂದ ಬಿಡಿಸಿದರೆ ಮಾತ್ರ ಸಮಾಜ ಸೆಕ್ಯುಲರ್ ಆಗುವುದೆಂದೂ, ಎಂದೆಂದಿಗೂ ಸಲ್ಲುವ ಧರ್ಮಾಧರ್ಮಗಳು ಇಲ್ಲವೆಂದೂ, ಇರುವುದು ತಿಳಿವಳಿಕೆಯುಳ್ಳ ಸ್ವಹಿತವೊಂದೇ ಎಂದೂ ಅವರ ಸಿದ್ಧಾಂತ. ಅದನ್ನು ಅವರು ನಮ್ಮ ಮನೆಯ ಕಾಫಿ ಕುಡಿಯುತ್ತಲೇ ಪ್ರತಿಪಾದಿಸುತ್ತಾರೆ.

ಕಳೆದ ಬೇಸಿಗೆ ಬೆಳೆಯಲ್ಲಿ ಒಂದು ಬೆಳಿಗ್ಗೆ ಬಂದವರು ಕಾಫಿಗೂ ಕಾಯದೆ ದೂರು ತೆಗೆದರು. ಅವರ ಗದ್ದೆಗೆ ನಾಲೆ ನೀರಿನ ಸರದಿಯಿದ್ದ ದಿನ, ಮೇಲಿನ ಗದ್ದೆಯ ರೈತ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡಿದ್ದ. ಭತ್ತದ ಸಸಿಮಡಿ, ನಮ್ಮ ಕಡೆಯ ಮಾತಿನಲ್ಲಿ ಒಟ್ಲು, ಒಣಗುತ್ತಿತ್ತು.

“ಇದು ಅಧರ್ಮ” ಎಂದರು.

“ಅವನ ಸ್ವಹಿತವಿರಬಹುದೇ?” ಎಂದು ವಿನಯದಿಂದಲೇ ಕೇಳಿದೆ.

“ಪರಿಹಾಸ ಬೇಡಿ. ಹನುಮಂತನ ಗುಡಿಯಲ್ಲಿ ಅವನ ಕೈಲಿ ಆಣೆ ಮಾಡಿಸಿ. ದೇವರಿಗೆ ಹೆದರುತ್ತಾನೆ.”

ತಕರಾರು ತೀರದಿದ್ದಾಗ, ದೇವರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುವುದು ನಮ್ಮ ಕಡೆಯ ರೂಢಿ. ಸುಳ್ಳಾಣೆ ಮನೆತನವನ್ನೇ ಸುಡುತ್ತದೆಂದು ನಂಬಿಕೆ. ಇಲ್ಲದ ದೇವರನ್ನು ತಮ್ಮ ಗದ್ದೆಯ ಕಾವಲಿಗೆ ನೇಮಿಸಿಕೊಳ್ಳುವ ಏರ್ಪಾಡನ್ನು ಮಾತ್ರ ನಾನು ಅಂದೇ ಕಂಡದ್ದು.

ಹೇಳಿ ಕಳುಹಿಸಿದೆ, ರೈತ ಗುಡಿಗೆ ಬಂದ.

“ನಾನು ತೂಬು ಮುಟ್ಟಿಲ್ಲ ಅಂತ ಆರುಸ್ತೀನಿ ಅಯ್ನೋರೆ. ಆದ್ರೆ ಮೇಷ್ಟ್ರು ಮೊದ್ಲು ಆರುಸ್ಲಿ. ಹೋದ್ ಸರದೀಲಿ ನನ್ ನೀರ ಅವ್ರು ತಿರುಗುಸ್ಕಂಡಿಲ್ಲ ಅಂತ.”

“ಇದನ್ನೆಲ್ಲ ನಾನು ನಂಬುವುದಿಲ್ಲಪ್ಪ.”

“ನಂಬ್ದಿದ್ರೆ ಇನ್ನೂ ಸಲೀಸು ಬುಡಿ. ಕಲ್ಲು ತಾನೆ, ಏನ್ ಮಾಡ್ಬುಡ್ತದೆ?”

ಅರ್ಚಕರು ಕರ್ಪೂರ ಹಚ್ಚಿದರು. ಅಧ್ಯಾಪಕರು ಕೈ ಎತ್ತಿದರು, ಇಳಿಸಿದರು. ಮೌಢ್ಯಕ್ಕೆ ಕೈಜೋಡಿಸುವುದು ತಮ್ಮ ತತ್ತ್ವಕ್ಕೆ ವಿರುದ್ಧವೆಂದರು. ನಮ್ಮ ಮನೆಯಿಂದ ಗುಡಿಯವರೆಗೆ ನಡೆದು ಬರುವಾಗ ಆ ತತ್ತ್ವ ಎಲ್ಲಿತ್ತೋ ತಿಳಿಯದು.

“ಹಾಗಾದರೆ ನೀನು ಆರಿಸಪ್ಪ” ಎಂದು ರೈತನ ಕಡೆ ತಿರುಗಿದೆ. ಶನಿವಾರ ತಪ್ಪದೆ ಇದೇ ಹನುಮಂತನಿಗೆ ಕಾಯಿ ಒಡೆಸುವ ಭಕ್ತ. ಸ್ವಾಮಿಯ ಕಣ್ಣೆದುರೇ ನೀರು ಕದಿಯಲು ಅಂಜದವನು, ಅದೇ ಸ್ವಾಮಿಯ ಮುಂದೆ ಸುಳ್ಳಾಡಲು ಅಂಜಿ ಕೈ ಹಿಂದಕ್ಕೆ ಕಟ್ಟಿಕೊಂಡ.

ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಇಬ್ಬರೂ ಪರಸ್ಪರ ಮುಖ ನೋಡದೆ ನಾಲೆಗೆ ಹೋಗಿ, ಅಂದಿನ ನೀರನ್ನು ಸಮಪಾಲು ಮಾಡಿಕೊಂಡರು.

ಮರುದಿನ ಸಂಜೆ ಅಧ್ಯಾಪಕರು ಜಗಲಿಗೆ ಬಂದರು. ಒಟ್ಲು ಚೇತರಿಸಿಕೊಂಡಿದೆ ಎಂದರು. ಕುಳಿತುಕೊಳ್ಳುತ್ತಾ, “ನೋಡಿದಿರಾ, ಸ್ವಹಿತದಿಂದಲೇ ನ್ಯಾಯ ಹುಟ್ಟಿತು” ಎಂದರು.

ನಾನು ಒಳಕ್ಕೆ ಕೂಗಿ ಕಾಫಿಗೆ ಹೇಳಿದೆ. ಲೋಟಕ್ಕೆ ಅವರು ಕೈ ಚಾಚಿದಾಗ ಅಂಗೈಯನ್ನೊಮ್ಮೆ ನೋಡಿದೆ. ಕರ್ಪೂರದ ಮಸಿಯ ಸೋಂಕೂ ಇರಲಿಲ್ಲ.