ಪರಾರಿ ಎಂದು ಬರೆಸಿಕೊಂಡವನು

ಸ್ಟೋವ್ ಕೆಟ್ಟರೆ ಆ ಪೇಟೆಯ ಹೆಂಗಸರು ಹೋಗುತ್ತಿದ್ದದ್ದು ಪರಾರಿಯ ಅಂಗಡಿಗೇ. ಅಂಗಡಿ ಅಂದರೆ ಹೇಳಿಕೊಳ್ಳುವಂಥದ್ದೇನಲ್ಲ, ಬಟ್ಟೆ ಗೋದಾಮಿನ ಮೆಟ್ಟಿಲ ಕೆಳಗಿನ ಒಂದು ಮೂಲೆ. ಎದ್ದು ನಿಂತರೆ ತಲೆ ತಾಗುತ್ತಿತ್ತು, ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ಅವನು ಕೂತೇ ಇರುತ್ತಿದ್ದ. ಮಸಿ ಹಿಡಿದ ಬರ್ನರ್ ಬಿಚ್ಚಿ, ಪಿನ್ನು ಹಾಕಿ ಕಣ್ಣು ಬಿಡಿಸಿ, ಪಂಪಿನ ಚರ್ಮದ ವಾಷರನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿ, ಗಾಳಿ ಹೊಡೆದು ಕಡ್ಡಿ ಗೀರಿದನೆಂದರೆ ಹಳದಿಯಾಗಿ ಕೆಮ್ಮುತ್ತಿದ್ದ ಬೆಂಕಿ ನೀಲಿಯಾಗಿ ಭರ್ರೆನ್ನುತ್ತಿತ್ತು. "ಮನುಷ್ಯ ಹೇಗಾದ್ರೂ ಇರ್ಲಿ, ಕೈ ಒಳ್ಳೇದು" ಎನ್ನುತ್ತಿದ್ದರು ಹೆಂಗಸರು. ಆ 'ಹೇಗಾದ್ರೂ ಇರ್ಲಿ'ಯಲ್ಲೇ ಎಲ್ಲ ಅಡಗಿತ್ತು.

ಪರಾರಿ ಅನ್ನುವುದು ತಾಯಿ ಇಟ್ಟ ಹೆಸರಲ್ಲ, ಸೈನ್ಯ ಇಟ್ಟದ್ದು. ಯುದ್ಧದ ಕಾಲದಲ್ಲಿ ಅವನು ಸೈನ್ಯದ ಲಾರಿ ಓಡಿಸುತ್ತಿದ್ದ. ಊರಿನಿಂದ ಎಷ್ಟೋ ದೂರದ ಹೊಳೆಯೊಂದರ ಸೇತುವೆ ಕಾಯುವ ತುಕಡಿ ಅವನದು. ಆ ತುಕಡಿ ನೆಲ ಕಚ್ಚಿತು. ಎರಡು ವರ್ಷ ಕಳೆದ ಮೇಲೆ ಅವನೊಬ್ಬ ಬಂದ, ಕೈಯಲ್ಲಿ ಒಂದು ಚೀಟಿ: 'ಅಪ್ಪಣೆಯಿಲ್ಲದೆ ಗೈರುಹಾಜರು, ಪರಾರಿ.' ಕೆಲಸ ಕೇಳಿಕೊಂಡು ಮಿಲ್ಲಿಗೆ ಹೋದಾಗ ಮೇಸ್ತ್ರಿ ಆ ಚೀಟಿಯನ್ನು ಗಟ್ಟಿಯಾಗಿ ಓದಿದ. ಮಿಲ್ಲಿನ ಬಾಗಿಲಿನಿಂದ ಹೊರಟ ಮಾತು ಅವನಿಗಿಂತ ಮುಂಚೆ ಅವನ ಮನೆ ಮುಟ್ಟಿತ್ತು.

ಅಲ್ಲಿಂದಾಚೆಗೆ ಮೂವತ್ತು ವರ್ಷ. ಮದುವೆಯೇನೋ ಆಯಿತು. ಹೆಂಡತಿ ಬೀದಿ ನಲ್ಲಿಗೆ ಎಲ್ಲರೂ ನೀರು ಹಿಡಿದುಕೊಂಡು ಹೋದ ಮೇಲೆ ಹೋಗುವಳು, ಕೊಡದ ತಳದಲ್ಲಿ ಕೆಸರು ಬರುವ ಹೊತ್ತಿಗೆ. ಮಗಳಿಗೆ ಶಾಲೆಯಲ್ಲಿ, "ಓಟದ ಪಂದ್ಯಕ್ಕೆ ಇವಳನ್ನೇ ಹಾಕಿ ಮಿಸ್, ರಕ್ತದಲ್ಲೇ ಬಂದಿದೆ" ಎಂದು ನಗುವರು. ಹೆಂಡತಿ ಸಾಯುವ ತನಕ ಒಂದು ಮಾತು ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಎದೆಯೊಳಗೆ ಕಫ ಕಟ್ಟಿ ಉಸಿರು ಶಿಳ್ಳೆ ಹಾಕತೊಡಗಿದಾಗ ಮಗಳು ಅವನನ್ನು ಮಾಜಿ ಸೈನಿಕರ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕೌಂಟರಿನವನು ದಾಖಲೆ ನೋಡಿ, "ಇದು ಯುದ್ಧ ಮಾಡ್ದೋರಿಗಮ್ಮ, ಓಡೋದೋರಿಗಲ್ಲ" ಎಂದ. ಮಗಳು ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿ ಕೂರುವವಳು, ದಿನವಿಡೀ ಜನರ ಬೈಗುಳ ಕೇಳಿ ಕಿವಿ ಗಟ್ಟಿಯಾಗಿದ್ದವಳು. ಅಂದು ಮಾತ್ರ ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು.

ಹೀಗಿರುವಾಗ ಒಂದು ಮಧ್ಯಾಹ್ನ ಬೇರೆ ಊರಿನ ಮುದುಕನೊಬ್ಬ ಅಂಗಡಿಗೆ ಬಂದ. ಕ್ಷೌರದ ಕಸುಬಿನವನು, ತಂಗಿಯ ಮನೆಗೆ ನೆಂಟನಾಗಿ ಬಂದಿದ್ದವನ ಕೈಗೆ ಅವರು ಕೆಟ್ಟ ಸ್ಟೋವ್ ಕೊಟ್ಟು ಕಳಿಸಿದ್ದರು. ಮಗಳು ಆಗಷ್ಟೇ ಊಟದ ಡಬ್ಬಿ ತಂದು ಮೆಟ್ಟಿಲ ಮೇಲೆ ಕೂತಿದ್ದಳು. ಮುದುಕ ಸ್ಟೋವ್ ಕಡೆ ನೋಡುವುದು ಬಿಟ್ಟು ಅಪ್ಪನ ಎಡಗೈಯನ್ನೇ ನೋಡುತ್ತಿದ್ದ. ಆ ಕೈಯ ಕೊನೆಯ ಎರಡು ಬೆರಳು ಮೊದಲ ಗೆಣ್ಣಿಗೇ ಮುಗಿದಿದ್ದವು.

"ಏಯ್, ಬಕೆಟ್ಟಣ್ಣ!" ಎಂದ ಮುದುಕ.

ಅಪ್ಪನ ಕೈಯಲ್ಲಿದ್ದ ಪಿನ್ನು ಕೆಳಗೆ ಬಿತ್ತು.

"ಯಾರನ್ನೋ ಅಂದ್ಕೊಂಡ್ರಿ, ನಾನಲ್ಲ" ಎಂದ ಅಪ್ಪ.

"ನೀನಲ್ದೆ ನಿಮ್ಮಜ್ಜಾನಾ? ಆ ಬೆರಳು ಮಂಜಿಗೆ ಕಪ್ಪಾದಾಗ ಕತ್ರಿಸಿದ್ದು ನಾನು ಕಣಪ್ಪ, ಇದೇ ಕೈಯಲ್ಲಿ!" ಮುದುಕ ಮಗಳತ್ತ ತಿರುಗಿದ. "ನೀನು ಮಗಳಾ? ನೋಡಮ್ಮ, ವೈರಿಗಳ ಕ್ಯಾಂಪಲ್ಲಿ ಎರಡು ಚಳಿಗಾಲ ಒಂದೇ ಕೊಟ್ಟಿಗೇಲಿ ಬಿದ್ದಿದ್ವಿ, ಕಲ್ಲುಗಣೀಲಿ. ಅಷ್ಟೂ ಜನರ ಹೇಲಿನ ಬಕೆಟ್ಟು ಹೊರ್ತಿದ್ದೋನು ನಿಮ್ಮಪ್ಪ. ಬಕೆಟ್ಟು ಹೊತ್ತೋನಿಗೆ ಒಂದು ಚೂರು ಬ್ರೆಡ್ಡು ಜಾಸ್ತಿ. ಅದನ್ನಾದ್ರೂ ತಾನು ತಿಂತಿದ್ನಾ, ಪಕ್ಕದಲ್ಲಿ ಮಲಗಿದ್ದೋನ ಬಾಯಿಗೆ..."

"ಸಾಕು ಸುಮ್ನಿರಪ್ಪ" ಎಂದ ಅಪ್ಪ. ಆದರೆ ಆಡಿದ ಮಾತು ಆಡಿಯಾಗಿತ್ತು.

ಮಗಳು ಬಿಡುವವಳಲ್ಲ. "ಸೆರೆ ಸಿಕ್ಕಿದ್ದೆ ಅಂತ ಯಾಕೆ ಹೇಳಲಿಲ್ಲ?" ಎಂದು ಎಷ್ಟು ಪೀಡಿಸಿದರೂ ಅವನು, "ಹಳೇದನ್ನ ಕೆದಕಿ ಏನಾಗ್ಬೇಕು" ಎನ್ನುವುದರ ಆಚೆ ಹೋಗಲಿಲ್ಲ. ಅವಳು ಕ್ಷೌರದ ಮುದುಕನ ವಿಳಾಸ ಬರೆದುಕೊಂಡು, ತಾನೇ ಅರ್ಜಿ ಹಾಕಿ, ವಿಚಾರಣೆಯ ದಿನ ಅಪ್ಪನನ್ನು ಅಂಗಿ ಇಸ್ತ್ರಿ ಮಾಡಿ ಹೊರಡಿಸಿದಳು. ಸೈನಿಕ ದಾಖಲೆ ಕಚೇರಿ ಎಂದರೆ ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಬೆಂಚು, ಬೆಂಚಿನ ಮೇಲೆ ಕೈಕೋಲು ಹಿಡಿದ ಮುದುಕರು. ಒಳಗೆ ನೆಗಡಿ ಹಿಡಿದ ಅಧಿಕಾರಿ. ಕೆಟ್ಟವನಲ್ಲ. ಮಗಳು ಸಾಕ್ಷಿಗೆ ಕರೆಸಿದ್ದ ಕ್ಷೌರದ ಮುದುಕನ ಮಾತನ್ನೆಲ್ಲ ಬರೆದುಕೊಂಡು, ಮೂಗು ಒರೆಸಿಕೊಂಡು ಕೇಳಿದ:

"ಪಕ್ಕದಲ್ಲಿ ಮಲಗ್ತಿದ್ದೋನು ಯಾರು?"

"ಹೆಸರು ಗೊತ್ತಿಲ್ಲ ಸಾರ್. ಟಕಟಕ ಅಂತಿದ್ವಿ. ನಿದ್ದೇಲೂ ಬೆರಳಲ್ಲಿ ಹಲಗೆ ಬಡೀತಿದ್ದ. ವೈರ್‌ಲೆಸ್ಸಿನೋನು, ಇವರ ತುಕಡಿಯೋನೇ. ಎರಡನೇ ಚಳಿಗಾಲದಲ್ಲಿ ಹೋದ."

ಅಧಿಕಾರಿ ಕಡತ ತಿರುವಿ ಹಾಕಿದ. "ಆ ತುಕಡೀಲಿ ಇದ್ದದ್ದು ಒಬ್ಬನೇ ವೈರ್‌ಲೆಸ್ಸಿನೋನು. ಅವನು ಸೇತುವೆ ಹತ್ರಾನೇ ಗುಂಡು ತಿಂದು ಸತ್ತ ಅಂತ ಇದೆ. ನಿಮ್ಮೂರ ಚೌಕದ ಹುತಾತ್ಮರ ಕಲ್ಲಿನ ಮೇಲೂ ಅವನ ಹೆಸರಿದೆ. ಈಗ ಈ ಯಜಮಾನರು ಸುಳ್ಳು ಹೇಳ್ತಿದಾರೆ, ಇಲ್ಲಾ ಆ ಕಲ್ಲು ಸುಳ್ಳು ಹೇಳ್ತಿದೆ. ನೀವು ಹೇಳಿ, ಯಾರದು ಸುಳ್ಳು?"

ಅಪ್ಪ ತನ್ನ ಮೊಂಡು ಬೆರಳುಗಳನ್ನು ನೋಡುತ್ತ ಕೂತ. "ನಂಗೆ ನೆನಪಿಲ್ಲ ಸಾರ್" ಎಂದ.

"ನೆನಪು ಮಾಡ್ಕೊಂಡು ಮುಂದಿನ ತಿಂಗಳು ಬನ್ನಿ. ಇಲ್ದಿದ್ರೆ ನನ್ನ ಕೈ ಕಟ್ಟಿದೆ."

ಬಸ್ಸು ಕಾಯುತ್ತ ಮಗಳು ಅವನಿಗೆ ಬೆನ್ನು ಹಾಕಿ ನಿಂತಳು. ಅದನ್ನು ತಡೆಯಲಾರದೆ ಅವನೇ ಹೇಳಿದ, ಮೊದಲಿನಿಂದ ಕೊನೆಯವರೆಗೆ.

ಸೇತುವೆಯಲ್ಲಿ ಗುಂಡು ಮುಗಿದ ಮೇಲೆ ಜೀವಂತ ಉಳಿದವರು ಇಬ್ಬರೇ, ಅವನು ಮತ್ತು ವೈರ್‌ಲೆಸ್ಸಿನವನು. ಇಬ್ಬರೂ ಒಂದೇ ಊರಿನವರು, ಒಂದೇ ದಿನ ಸೈನ್ಯ ಸೇರಿದವರು. ಸೆರೆಯಲ್ಲಿ ವೈರ್‌ಲೆಸ್ಸಿನವನ ಹೊಟ್ಟೆ ಕೆಟ್ಟಿತು, ಮತ್ತೆ ಸರಿಹೋಗಲೇ ಇಲ್ಲ. ಸತ್ತಾಗ ಅವನನ್ನು ಎತ್ತಲು ಒಬ್ಬನೇ ಸಾಕಾಗಿತ್ತು. ಗಣಿಯ ಹಿಂದಿನ ಇಳಿಜಾರಿನಲ್ಲಿ, ನೆಲ ಹೆಪ್ಪುಗಟ್ಟಿ ಸಲಿಕೆ ಇಳಿಯದೆ, ಹೆಣದ ಮೇಲೆ ಇವನೇ ಕಲ್ಲು ಪೇರಿಸಿ ಬಂದ. ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಬಂದವನು ತನ್ನ ಮನೆಗೂ ಹೋಗದೆ ಮೊದಲು ಹೋದದ್ದು ಗೆಳೆಯನ ಹೆಂಡತಿಯ ಬಳಿಗೆ. ಬೇಲಿಯ ಹೊರಗಿನಿಂದಲೇ ಕಂಡಿತು: ಅವಳು ತುಂಬಿದ ಬಸುರಿ, ಬಟ್ಟೆ ಒಣಹಾಕುತ್ತಿದ್ದಳು. ಗಂಡಸೊಬ್ಬ ಅವಳ ಕೈಯಿಂದ ಬುಟ್ಟಿ ಕಸಿದುಕೊಂಡು, "ಭಾರ ಎತ್ತಬೇಡ ಅಂದಿದ್ನಲ್ಲ" ಎಂದು ಗದರುತ್ತಿದ್ದ. ಗಂಡ ಸತ್ತನೆಂದು ಸೈನ್ಯ ತಿಳಿಸಿ ವರ್ಷವೊಂದು ಕಳೆಯುವುದರೊಳಗೆ ಅವಳ ತಂದೆ ಮತ್ತೊಂದು ಮದುವೆ ಮಾಡಿದ್ದ. ಆಗ ಆ ಮೊದಲನೆಯವನು ಕೊಟ್ಟಿಗೆಯಲ್ಲಿ ಹಲಗೆ ಬಡಿಯುತ್ತಿದ್ದ.

ಅವನು ಬೇಲಿಯಿಂದಲೇ ಹಿಂದಿರುಗಿದ. ವರದಿ ಮಾಡಲು ಹೋದಾಗ, ಕಾಳಗದ ದಿನ ಸೇತುವೆಯ ಬಳಿ ಇರದಿದ್ದ ದಳಪತಿ ಬಾಗಿಲು ಹಾಕಿಸಿ ಹೇಳಿದ: "ನನ್ನ ತುಕಡೀಲಿ ಯಾರೂ ಶರಣು ಅಂತ ಕೈ ಎತ್ತಲಿಲ್ಲ ಅಂತ ನಾನು ಬರ್ಕೊಟ್ಟಿದೀನಿ, ಅದಕ್ಕೆ ಪದಕಾನೂ ಬಂದಿದೆ. ನೀನು ಸೆರೆ ಸಿಕ್ಕಿದ್ದೆ ಅಂದ್ರೆ ಜೊತೇಲಿ ಯಾರಿದ್ರು ಅಂತ ಕೇಳ್ತಾರೆ. ಪರಾರಿ ಅಂತ ಬರಿಸ್ತೀನಿ, ಶಿಕ್ಷೆ ಇಲ್ದೆ ಮನೆಗೆ ಕಳಿಸ್ತೀನಿ." ದಳಪತಿ ಉಳಿಸಿಕೊಂಡದ್ದು ತನ್ನ ಪದಕ. ಇವನು ಒಪ್ಪಿದ್ದು ಆ ಬಟ್ಟೆ ಬುಟ್ಟಿಯನ್ನು ನೆನೆಸಿಕೊಂಡು, ಮದುವೆಯ ದಿನ ಮೊದಲ ಗಂಡ ಬದುಕಿದ್ದನೆಂದು ಊರಿಗೆ ತಿಳಿದರೆ ಅವಳ ಗತಿಯೇನೆಂದು.

ಎಲ್ಲ ಕೇಳಿದ ಮಗಳು ತಣ್ಣಗೆ ಕೇಳಿದಳು: "ಅಂದ್ರೆ ಅವರ ಮಾನ ಉಳಿಸೋಕೆ ನಮ್ಮಮ್ಮನ ಮಾನ ಕೊಟ್ಯಾ ಅಪ್ಪ?"

ಮೂವತ್ತು ವರ್ಷದಲ್ಲಿ ಅವನು ಈ ಲೆಕ್ಕವನ್ನು ಆ ಕಡೆಯಿಂದ ಹಾಕಿಯೇ ಇರಲಿಲ್ಲ. ಹೆಂಡತಿಯ ಕೊಡದ ತಳದ ಕೆಸರು ಅವನಿಗೆ ದಿನಾ ಕಂಡಿತ್ತು, ಆದರೆ ಅದನ್ನು ತಾನೇ ಅವಳಿಂದ ಹೊರಿಸುತ್ತಿದ್ದೇನೆಂದು ಹೊಳೆದಿರಲಿಲ್ಲ. ಬಸ್ಸು ಬಂತು. ಮಗಳು ಅವನ ಕೈ ಹಿಡಿದು ಹತ್ತಿಸಿದಳು, ಆದರೆ ಪಕ್ಕದಲ್ಲಿ ಕೂರಲಿಲ್ಲ.

ಮುಂದಿನ ವಿಚಾರಣೆಗೆ ಮುಂಚೆ ಅವನು ತಾನಾಗಿ ಗೆಳೆಯನ ಹೆಂಡತಿಯ ಮನೆಗೆ ಹೋದ. ಊರು ಆಕೆಯನ್ನು ಟೈಲರಮ್ಮ ಎನ್ನುತ್ತಿತ್ತು. ಶಾಲೆಯ ಸಮವಸ್ತ್ರಗಳೆಲ್ಲ ಆಕೆಯ ಮಿಷನ್ನಿನಲ್ಲೇ ಹುಟ್ಟುತ್ತಿದ್ದವು. ಎರಡನೆಯ ಗಂಡನೂ ತೀರಿಕೊಂಡಿದ್ದ. ಮುಂಭಾಗದ ಕೋಣೆಯಲ್ಲಿ ನೀಲಿ ಬಟ್ಟೆಯ ರಾಶಿ, ಗೋಡೆಯ ಮೇಲೆ ಇಬ್ಬರು ಗಂಡಂದಿರ ಫೋಟೋ ಅಕ್ಕಪಕ್ಕ. ಯುದ್ಧಕ್ಕೆ ಮುಂಚೆ ಅವನು ಆಕೆಯನ್ನು ಅತ್ತಿಗೆ ಎನ್ನುತ್ತಿದ್ದ. ಆಮೇಲೆ ಏನೆನ್ನಬೇಕೋ ತಿಳಿಯದೆ, ಎದುರು ಸಿಕ್ಕರೆ ಬೀದಿ ಬದಲಾಯಿಸುತ್ತಿದ್ದ. ಓಡಿಹೋದವನಿಗೆ ನಾಚಿಕೆ ಎಂದು ಆಕೆ ತಿಳಿದಿದ್ದಳು.

"ಅತ್ತಿಗೆ" ಎಂದ ಬಾಗಿಲಲ್ಲಿ ನಿಂತು.

ಮಿಷನ್ನು ನಿಂತಿತು. "ಆ ಮಾತು ಇನ್ನೂ ಬಾಯಲ್ಲಿದೆಯಾ? ಬನ್ನಿ, ಕೂತ್ಕೊಳ್ಳಿ. ಏನಾಗ್ಬೇಕಿತ್ತು?"

ಅವನು ಕೂರಲಿಲ್ಲ. ಸುತ್ತಿ ಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. "ಅಣ್ಣ ಸೇತುವೆ ಹತ್ರ ಸಾಯ್ಲಿಲ್ಲ. ಇಬ್ರೂ ಸೆರೆ ಸಿಕ್ಕಿದ್ವಿ. ಅಲ್ಲಿ ಕಾಯಿಲೆ ಬಂದು ಹೋದ. ನಾನೇ ಮಣ್ಣು ಮಾಡ್ದೆ."

ಆಕೆ ಸೂಜಿಗೆ ಸಿಕ್ಕಿದ್ದ ದಾರವನ್ನು ನಿಧಾನವಾಗಿ ಬಿಡಿಸಿದಳು. "ಯಾವಾಗ?"

"ಎರಡನೇ ಚಳಿಗಾಲದಲ್ಲಿ."

ಆಕೆಯ ತುಟಿಗಳು ಅಲುಗಿದವು, ಏನನ್ನೋ ಲೆಕ್ಕ ಹಾಕುವವಳಂತೆ. "ಹಾಗಾದ್ರೆ ನನ್ನ ಮದುವೆ ದಿನ..."

"ಇದ್ದ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಆಕೆ ಎದ್ದು ಅವನೆದುರು ಬಂದು ನಿಂತಳು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ, ನಾನು ಸಾಯೋ ತನಕ ಇನ್ನೊಂದು ನಾಲ್ಕು ದಿನ ಆಗ್ತಿರಲಿಲ್ವಾ? ಅಥವಾ ಆಗಲೇ ಬಂದು ಹೇಳೋಕೆ ಕಾಲು ಬಿದ್ದುಹೋಗಿತ್ತಾ? ನನ್ನ ಬದುಕು ಏನಾಗ್ಬೇಕು ಅಂತ ನೀವೊಬ್ರೇ ನಿರ್ಧಾರ ಮಾಡಿದ್ರಿ. ಈಗಲೂ ನೀವೇ ಮಾಡ್ತಿದೀರಿ."

"ನೀವು ಬೇಡ ಅಂದ್ರೆ ಕಚೇರೀಲಿ ಹೇಳಲ್ಲ."

"ನನ್ನ ಹೆಗಲಿಗೆ ಹಾಕ್ಬೇಡಿ ಅದನ್ನ" ಎಂದಳು ಆಕೆ. "ಹೋಗಿ."

ಅವನು ಹೋದ. ಮತ್ತೆ ಮಿಷನ್ನಿನ ಸದ್ದು ಕೇಳಲಿ ಎಂದು ಬೀದಿಯ ತಿರುವಿನವರೆಗೂ ಕಿವಿಗೊಟ್ಟ. ಕೇಳಲಿಲ್ಲ.

ವಿಚಾರಣೆಯ ದಿನ ಕಾರಿಡಾರಿನ ಬೆಂಚಿನ ಮೇಲೆ ಆಕೆ ಕೂತಿದ್ದಳು. ಅವನತ್ತ ನೋಡಲಿಲ್ಲ. ಅಧಿಕಾರಿಯ ಮುಂದೆ ತಾನೇ ಮಾತಾಡಿದಳು: "ನಿಮ್ಮ ಕಡತದಲ್ಲಿ ನನ್ನ ಗಂಡ ಸೇತುವೇಲಿ ಸತ್ತ ಅಂತ ಇದ್ಯಲ್ಲ, ಅದನ್ನೂ ತಿದ್ದಿ. ಅಷ್ಟು ದಿನ ನರಳಿದೋನಿಗೆ ಒಂದು ಗುಂಡು ಬರ್ದು ಮುಗಿಸ್ಬಿಟ್ರಾ? ಎಲ್ಲಿ ಮಣ್ಣು ಮಾಡಿದಾರೆ ಅಂತ ಇವರು ಹೇಳ್ತಾರೆ, ಅದನ್ನೂ ಬರ್ಕೊಳ್ಳಿ."

ಅವನು ಹೇಳಿದ. ಗಣಿ, ಇಳಿಜಾರು, ಕಲ್ಲಿನ ಗುಪ್ಪೆ. ಹೇಳುವಾಗ ಉಸಿರು ಸಿಕ್ಕಿಕೊಂಡು ಮಗಳು ನೀರು ಕುಡಿಸಬೇಕಾಯಿತು. ಟೈಲರಮ್ಮ ಎಲ್ಲ ಕೇಳಿಸಿಕೊಂಡು, ತೋರಿಸಿದಲ್ಲಿ ಸಹಿ ಮಾಡಿ, ಯಾರಿಗೂ ಕಾಯದೆ ಹೊರಟುಹೋದಳು.

ಕೆಲವು ತಿಂಗಳ ಮೇಲೆ ತಿದ್ದಿದ ದಾಖಲೆ ಬಂತು: 'ಯುದ್ಧಕೈದಿ.' ಆಸ್ಪತ್ರೆಯವರು ಹಾಸಿಗೆ ಕೊಟ್ಟರು, ಆದರೆ ಎದೆ ರಿಪೇರಿಯಾಗುವ ಹಂತ ದಾಟಿದೆ ಎಂದು ಕೆಲವು ದಿನದಲ್ಲೇ ಮನೆಗೆ ಕಳಿಸಿದರು. ಮಗಳು ಆ ದಾಖಲೆಯನ್ನು ಹಿಡಿದುಕೊಂಡು ಒಬ್ಬಳೇ ಅಮ್ಮನ ಸಮಾಧಿಗೆ ಹೋಗಿ ಬಂದಳು. ಅಲ್ಲಿ ಏನು ಹೇಳಿದಳೋ ಅಪ್ಪನಿಗೆ ತಿಳಿಸಲಿಲ್ಲ. ಪೇಟೆಯಲ್ಲಿ ಅವನನ್ನು ಪರಾರಿ ಎನ್ನುವುದು ನಿಂತಿತು. ನಾಲಿಗೆಗೆ ಎಲುಬಿಲ್ಲ, ಖಾಲಿ ಕೂರುವುದೂ ಗೊತ್ತಿಲ್ಲ. ಅದೇ ಹೆಂಗಸರು ಅದೇ ಮೆಟ್ಟಿಲ ಬಳಿ ಸ್ಟೋವ್ ಇಟ್ಟುಕೊಂಡು, "ಗಂಡ ಬದುಕಿರುವಾಗ್ಲೇ ಇನ್ನೊಬ್ಬನ್ನ ಕಟ್ಕೊಂಡ್ಳಂತೆ" ಎನ್ನತೊಡಗಿದರು. ಹಾಗೆಂದ ಮೊದಲನೆಯವಳ ಸ್ಟೋವನ್ನು ಅವನು ಬಿಚ್ಚಿದ್ದ ಹಾಗೆಯೇ ಹಿಂದಕ್ಕೆ ಕೊಟ್ಟ. ಎರಡನೆಯವಳದ್ದನ್ನೂ ಕೊಟ್ಟ. ಎಷ್ಟು ಜನರದ್ದೆಂದು ಕೊಡುವುದು? ಗಿರಾಕಿಗಳು ಕಡಿಮೆಯಾದರು, ಮಾತು ಕಡಿಮೆಯಾಗಲಿಲ್ಲ. ಶಾಲೆಯವರು ಸಮವಸ್ತ್ರದ ಕೆಲಸವನ್ನು ಬೇರೆಯವರಿಗೆ ಕೊಟ್ಟರು, ಕಾರಣ ಹೇಳಲಿಲ್ಲ.

ಟೈಲರಮ್ಮ ಊರು ಬಿಟ್ಟು ತನ್ನ ಮಗಳ ಮನೆಗೆ ಹೊರಟಳೆಂದು ಅವನಿಗೆ ಗೊತ್ತಾದದ್ದು ಗಾಡಿಯ ಮೇಲೆ ಮಿಷನ್ನು ಕಂಡಾಗ. ಗಾಡಿ ಗೋದಾಮಿನ ಮುಂದೆ ನಿಂತಿತು. ಆಕೆ ಇಳಿದು ಬಂದು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದಳು. ಅವನು ಏಳಲು ಹೋಗಿ ತಲೆ ಬಡಿಸಿಕೊಂಡ.

"ಕೂತಿರಿ. ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ. ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡಿ." ಆಕೆ ಗೋಡೆ ಹಿಡಿದುಕೊಂಡಳು. "ಕೊನೇಲಿ ಅವರು ನನ್ನ ಹೆಸರು ಹಿಡಿದು ಕೂಗಿದ್ರಾ?"

ಈ ಪ್ರಶ್ನೆ ಎಂದಾದರೂ ಬರುತ್ತದೆಂದು ಅವನಿಗೆ ಗೊತ್ತಿತ್ತು. ಹೇಳಲು ಒಂದು ಚೆಂದದ ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದ. ಆಕೆಯ ಕಣ್ಣು ನೋಡಿ ಅದನ್ನು ನುಂಗಿಕೊಂಡ.

"ಇಲ್ಲ ಅತ್ತಿಗೆ. ಮೊದಮೊದಲು ದಿನಾ ನಿಮ್ಮ ಮಾತೇ. ಕೊನೇಲಿ ಯಾರ ಗುರುತೂ ಇರಲಿಲ್ಲ, ನನ್ನದೂ ಇರಲಿಲ್ಲ. ನೀರು ಕೇಳಿದ. ಕುಡಿಸ್ದೆ. ಅಷ್ಟೇ."

ಆಕೆ ಗೋಡೆಯಿಂದ ಕೈ ತೆಗೆದಳು.

"ಒಳ್ಳೇದಾಯ್ತು" ಎಂದಳು. "ಕೂಗಿದ್ದಿದ್ರೆ ನಾನು ಹೇಗೆ ತಡ್ಕೊಳ್ತಿದ್ನೋ."

ಸೆರಗಿನಿಂದ ಕಣ್ಣೊರೆಸಿಕೊಳ್ಳದೆ, ಹಿಂದಿರುಗಿ ನೋಡದೆ ಹೋಗಿ ಗಾಡಿ ಹತ್ತಿದಳು. ಅವನು ಮೆಟ್ಟಿಲ ಕೆಳಗಿನಿಂದ ತೆವಳಿಕೊಂಡು ಹೊರಗೆ ಬರುವಷ್ಟರಲ್ಲಿ ಗಾಡಿ ಚೌಕ ದಾಟಿತ್ತು.