ಮೂರನೆಯ ಚಪಾತಿ

ತರಬೇತಿ ಕೇಂದ್ರದ ಟೀಚರ್ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಆಕೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ಜಗಳ ತೆಗೆದಿದ್ದೆ. ಪುಣೆಯ ಹಡಪಸರದಲ್ಲಿ ಮನೆಮನೆ ತಿರುಗಿ, ಬುದ್ಧಿ ನಿಧಾನವಿರುವ, ವಯಸ್ಸಿಗೆ ಬಂದ ಮಕ್ಕಳನ್ನು ಹುಡುಕಿ ಕ್ಯಾಂಟೀನಿನಲ್ಲಿ ಬಡಿಸುವಂಥ ಕೆಲಸ ಕಲಿಸುವುದು ಆಕೆಯ ಉದ್ಯೋಗ. ನನ್ನ ಮಗಳಿಗೆ ಆಗ ಇಪ್ಪತ್ತೆರಡು. ಹತ್ತರ ಮುಂದೆ ಎಣಿಕೆ ತಪ್ಪುತ್ತಿತ್ತು, ಆದರೆ ಒಮ್ಮೆ ಕಲಿತದ್ದನ್ನು ಬಿಡುವ ಹುಡುಗಿಯಲ್ಲ.

"ನನ್ನ ಮಗಳು ಮಂದಿಗೆ ಬಡಸ್ಕೋತ ನಿಲ್ಲಾಕ ಹುಟ್ಟಿಲ್ರಿ" ಎಂದೆ.

ಟೀಚರ್ ಸೊಲ್ಲಾಪುರದವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. "ಆತ್ರಿ. ನಿಮ್ಮ ನಂತರ ಆಕಿ ಏನ ಮಾಡ್ತಾಳ್ರಿ?" ಎಂದು ಮೆಲ್ಲಗೆ ಕೇಳಿದಳು.

ನಾನೂ ನನ್ನ ಗಂಡನೂ ಒಬ್ಬರನ್ನೊಬ್ಬರು ಎಂದೂ ಕೇಳಿಕೊಳ್ಳದೆ ತಪ್ಪಿಸಿಕೊಂಡ ಪ್ರಶ್ನೆ ಅದು. ಕೇಳಿದವಳ ಮೇಲೆ ಮೈಯೆಲ್ಲ ಉರಿಯಿತು. ಎರಡು ದಿನ ಬಿಟ್ಟು ನಾನೇ ಮಗಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದೆ.

ಆರು ತಿಂಗಳು ಕಲಿಸಿದರು. ಕೈ ತೊಳೆದು ತಲೆಗೆ ಟೋಪಿ ಹಾಕುವುದು, ಬಡಿಸುವುದು, ಟೇಬಲ್ ಒರೆಸುವುದು, ಒಬ್ಬಳೇ ಬಸ್ಸು ಹತ್ತಿ ಇಳಿಯುವುದು. ಆಮೇಲೆ ಮಗರಪಟ್ಟಾದ ಒಂದು ಕಂಪನಿಯ ಕ್ಯಾಂಟೀನಿನವರು ಹದಿನೈದು ದಿನ ಇಟ್ಟುಕೊಂಡು ನೋಡುತ್ತೇವೆ, ಸರಿಹೋದರೆ ಕಾಯಂ ಮಾಡುತ್ತೇವೆ ಎಂದರು.

ಮೊದಲ ದಿನವೇ ಎಡವಟ್ಟಾಯಿತು. ಅಲ್ಲಿ ಒಬ್ಬೊಬ್ಬರಿಗೆ ಎರಡೇ ಚಪಾತಿ. ಇವಳು "ನಕೋ, ನಕೋ" ಎಂದು ಮರಾಠಿಯಲ್ಲಿ ಬೇಡವೆಂದವರ ತಟ್ಟೆಗೂ ಮೂರನೆಯದನ್ನು ಹಾಕುತ್ತ ಹೋದಳು. ಅವರು ಕೈ ಅಡ್ಡ ಹಿಡಿದರೆ ಕೈಯ ಪಕ್ಕದಿಂದ ಜಾರಿಸಿದಳು. ಇನ್ನೂ ಅರ್ಧ ಜನ ಸಾಲಿನಲ್ಲಿರುವಾಗಲೇ ಚಪಾತಿ ಖಾಲಿ. ಕ್ಯಾಂಟೀನಿನ ಯಜಮಾನ ಸಿಟ್ಟಿಗೆದ್ದು ಅವಳನ್ನು ಮನೆಗೆ ಕಳಿಸಿದ. ಟೀಚರ್ ಅವನ ಕೈಕಾಲು ಹಿಡಿದು, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡುವಂತೆ ಒಪ್ಪಿಸಿದಳು.

ಅದನ್ನು ಹೇಳಲು ಮರುದಿನ ಮಧ್ಯಾಹ್ನ ಮನೆಗೆ ಬಂದವಳನ್ನು ಊಟಕ್ಕೆ ಕೂಡಿಸಿದೆ. "ಕೇಂದ್ರದಾಗ ಹಿಂಗ ಒಮ್ಮೆನೂ ಮಾಡಿಲ್ರಿ. ಯಾರ ಕಲಿಸ್ಯಾರೋ ಏನೋ" ಎಂದು ತಲೆ ಕೆಡಿಸಿಕೊಂಡಿದ್ದಳು. ಎರಡು ರೊಟ್ಟಿ ತಿಂದು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು. "ಎಲ್ಲಿ ಉಂಡ್ರಿ, ಮಾತಾಡೂದ್ರಾಗ ಹೋತು" ಎನ್ನುತ್ತ ನಾನು ಕೈಯ ಪಕ್ಕದಿಂದ ಇನ್ನೊಂದನ್ನು ಜಾರಿಸಿದೆ. ಟೀಚರ್ ರೊಟ್ಟಿ ನೋಡಿದಳು, ನನ್ನ ಮುಖ ನೋಡಿದಳು, ನಗತೊಡಗಿದಳು.

"ಈಗ ಗೊತ್ತಾತ್ರಿ."

ನನಗೂ ಗೊತ್ತಾಯಿತು. ಸಾಕು ಎಂದವರಿಗೆ ಒತ್ತಾಯ ಮಾಡಿ ಬಡಿಸದಿದ್ದರೆ ನಮ್ಮ ಕಡೆ ಅವಮಾನ ಮಾಡಿದಂತೆ. ಸಣ್ಣಂದಿನಿಂದ ಮಗಳಿಗೆ ಅದನ್ನೇ ಕಲಿಸಿದ್ದೆ. ಅವಳು ಕಲಿತಾಗ ಓಣಿಯಲ್ಲೆಲ್ಲ ಹೇಳಿಕೊಂಡು ಮೆರೆದಿದ್ದೆ. ಈಗ ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಭಾರೀ ಸಂಕಟವಾಯಿತು.

ಟೀಚರ್ ಅಪ್ಪಣೆ ಮಾಡಿದಳು: ಆ ವಾರ ಮನೆಯಲ್ಲಿ ಮಗಳೇ ಬಡಿಸಬೇಕು, ಯಾರು ಸಾಕು ಎಂದರೂ ಅಲ್ಲಿಗೆ ಮುಗಿಯಿತು. ಮೊದಲು ಸಿಕ್ಕಿಬಿದ್ದವರು ನನ್ನ ಗಂಡ. ಅಭ್ಯಾಸಬಲದಿಂದ ಒಂದು ರೊಟ್ಟಿಗೇ ಸಾಕು ಎಂದು ಅರ್ಧ ಹೊಟ್ಟೆಯಲ್ಲಿ ಆಫೀಸಿಗೆ ಹೋದರು. ಮರುದಿನದಿಂದ ಹೊಟ್ಟೆ ತುಂಬುವವರೆಗೆ ತುಟಿ ಬಿಚ್ಚಲಿಲ್ಲ. ಅದೇ ವಾರ ವಿಜಾಪುರದಿಂದ ನಾದಿನಿ ಬಂದಳು. ಹೋಳಿಗೆ ಮಾಡಿದ್ದೆ. ಎರಡನೆಯದಕ್ಕೆ ಆಕೆ ಸಾಕು ಎಂದಳು, ಮಗಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನನ್ನ ಕೈ ತುರಿಸಿತು, ಆದರೂ ಕೂತಲ್ಲಿಂದ ಏಳಲಿಲ್ಲ. ಊರಿಗೆ ಹೋಗಿ ಆಕೆ, "ಪುಣೆದಾಗ ವೈನಿ ಕೈ ಭಾಳ ಗಿಡ್ಡ ಆಗ್ಯಾವು" ಎಂದು ಡಂಗುರ ಹೊಡೆದಳಂತೆ. ನುಂಗಿಕೊಂಡೆ.

ಸೋಮವಾರ ಮಗಳು ಮತ್ತೆ ಕೆಲಸಕ್ಕೆ ಹೋದಳು. ನಾನು ದಿನವೂ ಜೊತೆಗೆ ಹೋಗಿ ಕ್ಯಾಂಟೀನಿನ ಕಿಟಕಿಯೆದುರಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಒಯ್ದ ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ತರುತ್ತಿದ್ದೆ. ಹದಿನೈದನೆಯ ದಿನ ಮೂರು ಗಂಟೆಗೆ ಯಜಮಾನ ಕೈ ಒರೆಸುತ್ತ ನೇರ ನನ್ನ ಹತ್ತಿರ ಬಂದು ಮರಾಠಿಯಲ್ಲಿ, "ನಾಳೆಯಿಂದ ಬರಬೇಡಿ" ಎಂದ.

ಒಂದು ಅವಕಾಶ ಕೊಡಿ ಎಂದು ಬೇಡಿಕೊಳ್ಳಲು ಎದ್ದೆ, ಅವನಿಗೆ ಬೈಯಲೂ ತಯಾರಾಗಿದ್ದೆ.

"ಅವಳು ಬರಲಿ, ನೀವು ಬರಬೇಡಿ. ನೀವು ಇಲ್ಲಿ ಕೂತರೆ ಗಳಿಗೆಗೊಮ್ಮೆ ಕಿಟಕಿ ನೋಡುತ್ತಾಳೆ. ಕಾಯಂ ಮಾಡಿದ್ದೇನೆ."

ಕೈ ಮುಗಿದೆ. ಅಷ್ಟರಲ್ಲಿ ಮಗಳು ಒದ್ದೆ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು.

"ನೀ ಹೋಗವ್ವಾ. ಟೇಬಲ್ ಒರಸೂದು ಅದ. ನಾ ಬಸ್ಸಿಗೆ ಬರ್ತೀನಿ."

ಬಸ್ಸಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ಪಕ್ಕದ ಸೀಟಿನವಳು ಯಾರು ತೀರಿಹೋದರು ಎಂದು ಕೇಳಿದಳು. ಮನೆಗೆ ಬಂದು, ಸುಮ್ಮನೆ ಒಂದು ನಿಮಿಷ ಎಂದು ಚಾಪೆಯ ಮೇಲೆ ಒರಗಿದೆ. ಮಗಳು ಹೊರಗೆ ಒಬ್ಬಳೇ ಇರುವಾಗ ನನಗೆ ನಿದ್ದೆ ಹತ್ತಿದ್ದು ಅದೇ ಮೊದಲು. ಅವಳು ಬಾಗಿಲು ಬಡಿದು ಬಡಿದು ಎಬ್ಬಿಸಬೇಕಾಯಿತು.